ಅಕ್ಕ ಮಿಂದ ನೀರು

ಶಿವಾಲ, ವಾರಾಣಸಿ
೨೦ ಜನವರಿ ೨೦೨೬

ಪ್ರೀತಿಯ ತಂಗಿ ವಿಜಯಾ,

ಚಳಿಯೊಂದನ್ನು ಬಿಟ್ಟರೆ ನಾವಿಲ್ಲಿ ಎಲ್ಲರೂ ಆರಾಮ. ಗದಗಿನಲ್ಲಿ ನೀವೂ ಮದುವೆಯ ಗಡಿಬಿಡಿಯ ನಡುವೆ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಿ ಎಂದುಕೊಂಡಿದ್ದೇನೆ. ಅಮೂಲ್ಯಾಳ ಲಗ್ನಪತ್ರಿಕೆ ಸಂಕ್ರಾಂತಿಗೂ ಮೊದಲೇ ಕೈಸೇರಿತು. ಹೆಸರು ಅಚ್ಚಾದದ್ದು ನೋಡಿ ನನಗೆ ಕಣ್ಣು ತುಂಬಿತು. ಮೊನ್ನೆ ಮೊನ್ನೆ ನನ್ನ ಸೆರಗು ಹಿಡಿದು ಓಡಾಡುತ್ತಿದ್ದ ಹುಡುಗಿ. ಉತ್ತರ ಬರೆಯಲು ತಡವಾಯಿತು, ಸಿಟ್ಟಾಗಬೇಡ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀ. ಫೋನಿನಲ್ಲಿ ನೀನು ಮಾತಾಡುತ್ತೀ, ನಾನು ಹೂಂಗುಟ್ಟುತ್ತೇನೆ, ಇಟ್ಟ ಮೇಲೆ ಹೇಳಬೇಕಾದದ್ದೆಲ್ಲ ನೆನಪಾಗುತ್ತದೆ. ಈ ಸಲ ಹಾಗಾಗಬಾರದೆಂದು ಪೆನ್ನು ಹಿಡಿದಿದ್ದೇನೆ.

ಹೋದ ಸಲ ಮಾತಾಡಿದಾಗ ನೀನು ಎರಡು ವಿಷಯ ಹೇಳಿದೆ. ನನಗೂ ನಿನ್ನ ಭಾವನವರಿಗೂ ಲಾಡ್ಜಿನಲ್ಲಿ ರೂಮು ಹಿಡಿದಿದ್ದೀ, ಸ್ನಾನದ ಮನೆ ಒಳಗೇ ಇದೆ, "ನಿನಗ ಬಾಳ ಅನುಕೂಲ ಆಗ್ತದ ಅಕ್ಕಾ" ಅಂದೆ. ಆಮೇಲೆ ಕುಪ್ಪಸಕ್ಕೆ ಮಣಿಕಟ್ಟಿನವರೆಗೆ ತೋಳು ಹೊಲಿಸು, ಈಗ ಅದೇ ಫ್ಯಾಷನ್ ಅಂದೆ. ಎರಡಕ್ಕೂ ನಾನು ಹೂಂ ಅಂದಿದ್ದೆ. ಆ ಎರಡೂ ಹೂಂಗಳನ್ನು ಈಗ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಯಾಕೆಂದು ತಿಳಿಯಬೇಕಾದರೆ ನಮ್ಮ ಮನೆಯಲ್ಲಾದ ಒಂದು ಜಗಳದ ಸುದ್ದಿ ಕೇಳಬೇಕು. ಯಾವುದಕ್ಕೆ ಜಗಳ ಗೊತ್ತೇ? ಮಿಂದ ನೀರಿಗೆ!

ಈ ತಿಂಗಳಲ್ಲಿ ಇಲ್ಲಿ ಮಧ್ಯಾಹ್ನವಾದರೂ ಮಂಜು ಸರಿಯುವುದಿಲ್ಲ. ನಮ್ಮ ಗೀಸರ್ ಪುಟ್ಟದು, ಕರೆಂಟು ಅದಕ್ಕಿಂತ ಪುಟ್ಟದು. ಹೋದ ವರ್ಷ ನಮ್ಮ ಮಗ ತೋಂಟೇಶ ತನ್ನ ಮಗಳು ವಚನಾಳಿಗೆಂದು ಒಂದು ನೀಲಿ ಪ್ಲಾಸ್ಟಿಕ್ ಟಬ್ ತಂದ. ಕಾಲು ಮಡಚಿದರೆ ನಾನೂ ಕೂರಬಹುದು, ಅಷ್ಟು ದೊಡ್ಡದು. ಮೊಮ್ಮಗಳು ಅದರಲ್ಲಿ ಆಡಿ ಎದ್ದ ಮೇಲೂ ನೀರು ಬೆಚ್ಚಗೇ ಇರುತ್ತದೆ. ಅದನ್ನು ಮೋರಿಗೆ ಚೆಲ್ಲುವುದನ್ನು ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ. ಗದಗಿನ ಹೊಟ್ಟೆ ನೋಡು! ಹಾಗಾಗಿ ನಾನು ಅದೇ ನೀರಿನಲ್ಲಿ ಕೂತು, ಮಂಡಿನೋವು ಇಳಿಸಿಕೊಂಡು, ಕೊನೆಗೊಂದು ತಂಬಿಗೆ ಹೊಸ ನೀರು ಸುರಿದುಕೊಂಡು ಏಳುತ್ತಿದ್ದೆ.

ನಿನಗೆ ನೆನಪಿದೆಯಲ್ಲ? ನಮ್ಮ ಓಣಿಗೆ ನಲ್ಲಿ ನೀರು ಬಂದರೆ ಹಬ್ಬ. ಅವ್ವ ನನ್ನನ್ನು ಕೊಪ್ಪರಿಗೆಯಲ್ಲಿ ಕೂರಿಸಿ, ತಿಕ್ಕಿ ಎಬ್ಬಿಸಿ, ಅದೇ ನೀರಿಗೆ ನಿನ್ನನ್ನು ಇಳಿಸುತ್ತಿದ್ದಳು. ಕಡೆಗೆ ಆ ನೀರು ಕರಿಬೇವಿನ ಗಿಡಕ್ಕೆ. "ಅಕ್ಕ ಮಿಂದ ನೀರು, ಬಾಳ ಪವಿತ್ರ ಐತಿ, ಕೂಡು" ಎಂದು ನಾನು ನಿನ್ನನ್ನು ಕಾಡಿಸುತ್ತಿದ್ದೆ. ನೀನು ಬಾಯಿ ತುಂಬ ಅದೇ ನೀರು ತುಂಬಿಕೊಂಡು ನನ್ನ ಮುಖಕ್ಕೆ ಉಗುಳುತ್ತಿದ್ದೆ.

ಸರಿ, ಜಗಳಕ್ಕೆ ಬರುತ್ತೇನೆ. ಸೊಸೆ ಶ್ರೀಜಾ ಚರ್ಮದ ಡಾಕ್ಟರಲ್ಲವೇ, ಒಂದು ಬೆಳಿಗ್ಗೆ ತಿಂಡಿಗೆ ಕೂತಾಗ ತನ್ನ ಮೈಸೂರು ಮಾತಿನಲ್ಲಿ ಮೆಲ್ಲಗೆ ಹುಕುಂ ಹೊರಡಿಸಿದಳು. "ಅತ್ತೆ, ನಾಳೆಯಿಂದ ಒಬ್ಬರು ಸ್ನಾನ ಮಾಡಿದ ನೀರು ಇನ್ನೊಬ್ಬರಿಗೆ ಬೇಡ. ಹುಳುಕಡ್ಡಿ ಹತ್ತಿಸ್ಕೊಂಡು ಮನೆಮಂದಿಯೆಲ್ಲ ಒಟ್ಟಿಗೇ ನನ್ನ ಹತ್ರ ಬರ್ತಾರೆ. ಕೇಳಿದ್ರೆ ಒಂದೇ ನೀರು, ಒಂದೇ ಟವೆಲ್ಲು."

ನಾನು ಬಿಡುತ್ತೇನೆಯೇ? "ಗಂಗಾದಾಗ ಊರಿಗೆ ಊರೇ ಮೀತೈತಿ. ಅಲ್ಲಿ ನೀನೂ ಕೈ ಮುಗೀತಿ" ಅಂದೆ.

"ಗಂಗೆ ಹರೀತಾಳೆ ಅತ್ತೆ. ನಮ್ಮ ಟಬ್ ಹರಿಯಲ್ಲ."

ನಿನ್ನ ಭಾವನವರು ಮಠಕ್ಕೆ ಹೊರಟು ನಿಂತಿದ್ದರು. "ನಾನಂತೂ ಲಿಂಗಪೂಜಿ ಮಾಡಾವ, ನನಗ ಮೊದಲಿಂದ ಹೊಸಾ ನೀರು. ನನ್ನ ಎಳೀಬ್ಯಾಡ್ರಿ" ಎಂದು ಚಪ್ಪಲಿ ಮೆಟ್ಟಿ ಪಾರಾದರು. ತೋಂಟೇಶ ಇಡ್ಲಿಯಿಂದ ತಲೆಯೆತ್ತಲಿಲ್ಲ. ಮಾತಿನಲ್ಲಿ ಸೊಸೆಯೇ ಗೆದ್ದಳು ಅಂತಿಟ್ಟುಕೋ.

ಸೋತದ್ದಕ್ಕೆ ನನಗೆ ಸಿಟ್ಟಿರಲಿಲ್ಲ. ನನ್ನ ಕಣ್ಣಿದ್ದದ್ದು ನನ್ನ ಎಡಗೈಯ ಮೇಲೆ. ಮಣಿಕಟ್ಟಿನ ಬಿಳುಪನ್ನು ನೀನೂ ನೋಡಿದ್ದೀ. ಈಗ ಅದು ಬೆರಳಿಗೂ ಇಳಿದಿದೆ. ನಮ್ಮ ಮನೆಯಲ್ಲಿ ಯಾರೂ ಅದರ ಹೆಸರು ಹೇಳುವುದಿಲ್ಲ, 'ಕೈ ಮ್ಯಾಲಿನ ಕಲಿ' ಅನ್ನುತ್ತಾರೆ. ಶ್ರೀಜಾ ಸುಮ್ಮನೆ ಮುಲಾಮು ತಂದಿಟ್ಟು ಹೋಗುತ್ತಾಳೆ. ಮಗುವಿನ ನೀರಿನಲ್ಲಿ ನಾನು ಮಿಂದರೆ ಇವಳಿಗೇನು ಕಷ್ಟ? ಹುಳುಕಡ್ಡಿ ಬರೀ ನೆಪ, ಮಗುವಿನ ಟಬ್ಬನ್ನು ನಾನು ಮುಟ್ಟುವುದೇ ಇವಳಿಗೆ ಬೇಡವಾಗಿದೆ ಅನ್ನಿಸಿತು.

ಒಳಗೇ ಕೊರಗುವುದು ನನ್ನ ಜಾಯಮಾನವಲ್ಲ, ನಿನಗೆ ಗೊತ್ತು. ಪರೀಕ್ಷೆ ಮಾಡೇ ಬಿಡೋಣ ಎಂದುಕೊಂಡೆ. ಸಂಕ್ರಾಂತಿಯ ದಿನ, ಇಲ್ಲಿಯವರು ಅದಕ್ಕೆ ಖಿಚಡಿ ಹಬ್ಬ ಅನ್ನುತ್ತಾರೆ, ಎಲ್ಲರಿಗಿಂತ ಮೊದಲು ಟಬ್ ತುಂಬಿಸಿ ನಾನೇ ಮಿಂದೆ. ನೀರು ಚೆಲ್ಲಲಿಲ್ಲ. ಸೀರೆ ಸುತ್ತಿಕೊಂಡು ಬಾಗಿಲಲ್ಲಿ ನಿಂತು, "ವಚನಾ, ಬಾರವ್ವ, ನೀರು ಬೆಚ್ಚಗೈತಿ" ಎಂದು ಬೇಕೆಂದೇ ಜೋರಾಗಿ ಕೂಗಿದೆ. ಶ್ರೀಜಾ ಬಂದಳು. ನೀರು ನೋಡಿದಳು. ಬಗ್ಗಿ ಟಬ್ಬಿನ ಅಂಚು ಎತ್ತಿದಳು.

ಅಷ್ಟರಲ್ಲಿ ವಚನಾ ಓಡಿ ಬಂದು ಅವಳ ಕೈ ಹಿಡಿದು ಕಿರುಚಿದಳು, "ಮಮ್ಮೀ, ಫೇಂಕೋ ಮತ್! ಅಜ್ಜೀ ರಂಗ್ ಅದ್ರಲ್ಲಿದೆ!"

ಚೆಲ್ಲಬೇಡ, ಅಜ್ಜಿಯ ಬಣ್ಣ ಅದರಲ್ಲಿದೆ ಎಂದು! ಹೋದ ಹೋಳಿಯಲ್ಲಿ ಇವಳ ಮೈಯ ಬಣ್ಣವೆಲ್ಲ ಆ ಟಬ್ಬಿನ ನೀರಿಗೆ ಬಿಟ್ಟಿತ್ತಲ್ಲ, ಅದೇ ಲೆಕ್ಕ ಹಾಕಿಕೊಂಡಿದ್ದಾಳೆ. ಅಜ್ಜಿ ಮಿಂದಾಗಲೆಲ್ಲ ಕೈಯ ಬಣ್ಣ ಸ್ವಲ್ಪ ಸ್ವಲ್ಪವೇ ನೀರಿಗೆ ಹೋಗುತ್ತಿದೆ, ಅಮ್ಮ ಅದನ್ನು ಮೋರಿಗೆ ಸುರಿಯುತ್ತಿದ್ದಾಳೆ! ನನ್ನ ಕೈಯನ್ನು ಟಬ್ಬಿನ ಮೇಲೆ ಎಳೆದು ಹಿಡಿದು, ನಾನು ಮಿಂದ ನೀರನ್ನೇ ಮಗ್ಗಿನಲ್ಲಿ ಮೊಗೆದು ಮೊಗೆದು ಮಣಿಕಟ್ಟಿಗೆ ಸುರಿಯತೊಡಗಿದಳು. "ಹಿಲ್ನಾ ಮತ್ ಅಜ್ಜಿ, ವಾಪಸ್ ಬರುತ್ತೆ" ಎಂದಳು. ನಾನು ಅಲುಗಾಡದೆ ನಿಂತೆ.

ಶ್ರೀಜಾ ಟಬ್ ಬಿಟ್ಟು ನನ್ನ ಮುಖ ನೋಡಿದಳು. "ಅತ್ತೆ, ನಿಮ್ಮ ಕೈ ನೋಡಿ ನಾನು ಹಾಗಂದೆ ಅಂದ್ಕೊಂಡ್ರಾ?"

"ಮತ್ತೇನ ಅಂದ್ಕೊಳ್ಳಲಿ?"

"ಇದು ತೊನ್ನು ಅತ್ತೆ. ಯಾರಿಗೂ ಅಂಟಲ್ಲ, ಮುಟ್ಟಿದ್ರೂ ಇಲ್ಲ, ನೀರಲ್ಲೂ ಇಲ್ಲ. ಹೆಸರು ಹೇಳಿದ್ರೆ ನಿಮಗೆ ನೋವಾಗುತ್ತೇನೋ ಅಂತ ಸುಮ್ನಿದ್ದೆ."

ಆ ಶಬ್ದ ನಮ್ಮ ಮನೆಯಲ್ಲಿ ಕೇಳಿದ್ದು ಅದೇ ಮೊದಲು. ನೋವಾಗಲಿಲ್ಲ ವಿಜಯಾ, ಹೆಗಲಿನಿಂದ ಗಂಟು ಇಳಿಸಿದ ಹಾಗಾಯಿತು. ಆಮೇಲೆ ಅವಳೇನು ಮಾಡಿದಳು ಗೊತ್ತೇ? ನೈಟಿಯ ತೋಳು ಮೇಲೇರಿಸಿ, ಅದೇ ನೀರಿನಲ್ಲಿ ಎರಡೂ ಕೈ ಅದ್ದಿ, ಬೊಗಸೆ ತುಂಬ ಮುಖ ತೊಳೆದುಕೊಂಡಳು. ಗಲ್ಲದಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ, "ಆದ್ರೂ ನಾಳೆಯಿಂದ ಎಲ್ಲರಿಗೂ ಹೊಸ ನೀರೇ. ಅದರಲ್ಲಿ ರಾಜಿ ಇಲ್ಲ" ಅಂದಳು! ನಾನು ನಗುತ್ತಾ ಅಳುತ್ತಾ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಪೂಜೆ ಮುಗಿಸಿ ಬಂದ ನಿನ್ನ ಭಾವನವರು, "ಅತ್ತಿ ಸೊಸಿ ಬಚ್ಚಲದಾಗ ಏನ ಪಂಚಾಯ್ತಿ ನಡಿಸೀರಿ?" ಎಂದು ಕೇಳಿದರು.

ಈಗ ಮನೆಯಲ್ಲಿ ಪ್ರತಿಯೊಬ್ಬರಿಗೂ ಬೇರೆ ನೀರು. ನನಗೇನೂ ಬೇಸರವಿಲ್ಲ, ಅವಳ ಮಾತೇ ಸರಿ. ಬೆಚ್ಚಗಿನ ನೀರು ಚೆಲ್ಲುವಾಗ ಮಾತ್ರ ಈಗಲೂ ಕಣ್ಣು ಆ ಕಡೆ ತಿರುಗಿಸುತ್ತೇನೆ.

ಹಾಗಾಗಿ ಲಾಡ್ಜಿನ ರೂಮು ಬೇರೆ ನೆಂಟರಿಗೆ ಕೊಡು. ನಾನು ನಿನ್ನ ಮನೆಯಲ್ಲೇ ಇಳಿಯುವವಳು. ಹಸಿರು ಇಳಕಲ್ ಸೀರೆಗೆ ಗಿಡ್ಡ ತೋಳಿನ ಕುಪ್ಪಸ ಹೊಲಿಸಿದ್ದಾಗಿದೆ. ಬೀಗರು ನೋಡಿ ಏನಾದರೂ ಅಂದಾರು ಎಂದು ನಿನಗೆ ಹೆದರಿಕೆ, ನನಗೆ ಅರ್ಥವಾಗುತ್ತದೆ, ಹೆಣ್ಣು ಹೆತ್ತವಳು ನೀನು. ಕೇಳಿದವರನ್ನು ನನ್ನ ಹತ್ತಿರ ಕಳಿಸು. ನನ್ನಿಂದ ತೃಪ್ತಿಯಾಗದಿದ್ದರೆ ಶ್ರೀಜಾ ಇದ್ದಾಳೆ, ಅವಳೂ ರಜೆ ಹಾಕಿ ಬರುತ್ತಿದ್ದಾಳೆ. ಅಮೂಲ್ಯಾಳಿಗೆ ಅರಿಸಿನ ಹಚ್ಚುವುದು ಇದೇ ಕೈ.

ಮದುಮಗಳು ನೂರು ಕಾಲ ನಗುನಗುತ್ತ ಬಾಳಲಿ, ನಿಮ್ಮ ಮನೆಯ ಶುಭಕಾರ್ಯ ನಿರ್ವಿಘ್ನವಾಗಿ ಸಾಗಲಿ. ನಿನ್ನ ಭಾವನವರ ಆಶೀರ್ವಾದವೂ ಇದರಲ್ಲಿ ಸೇರಿದೆ.

ನಿನ್ನ ಅಕ್ಕ,
ಜಗದಾಂಬ

ಮ.ಸಾ.: ಬರೆಯಬಾರದು ಅಂದುಕೊಂಡಿದ್ದೆ, ಬರೆಯದಿದ್ದರೆ ಮುಖ ಕೊಟ್ಟು ಮಾತಾಡಲು ಆಗುವುದಿಲ್ಲ. ಹೋದ ಕಾರ್ತಿಕದಲ್ಲಿ ನೀನಿಲ್ಲಿಗೆ ಬಂದಾಗ ಇಬ್ಬರೂ ಕೇದಾರ ಘಾಟಿನಲ್ಲಿ ನೀರಿಗಿಳಿದೆವು. ನಾನು ಕೈ ಮುಳುಗಿಸಿದೊಡನೆ ನೀನು ನನ್ನ ಪಕ್ಕದಿಂದ ಎದ್ದು, ನೀರು ಹರಿದು ಬರುವ ಕಡೆಗೆ ಸರಿದು, ನನಗಿಂತ ಮೇಲೆ ಹೋಗಿ ನಿಂತೆ. ಅಷ್ಟು ದೊಡ್ಡ ಗಂಗೆಯಲ್ಲಿ, ವಿಜಯಾ. ಅಕ್ಕ ಕಣ್ಣು ಮುಚ್ಚಿದ್ದಾಳೆ ಅಂದುಕೊಂಡೆಯೇನೋ. ನಾನು ನೋಡಿದೆ. ಮೂಗು ಹಿಡಿದು ಮುಳುಗಿ, ಅಳುವುದನ್ನು ನೀರೊಳಗೇ ಮುಗಿಸಿ ಎದ್ದೆ. ಪಾಪ, ಸೊಸೆಯ ಮೇಲೆ ನನಗೆ ಅನುಮಾನ ಹುಟ್ಟಿದ್ದು ಘಾಟಿನ ಆ ಬೆಳಗಿನಿಂದ. ಮದುವೆಯ ದಿನ ನಸುಕಿನಲ್ಲಿ ನಿನ್ನ ಬಚ್ಚಲಲ್ಲಿ ಎರಡು ಬಕೆಟ್ ಹೊಸ ನೀರು ಕಾಯಿಸಿಡು, ಒಂದು ನಿನಗೆ, ಒಂದು ನನಗೆ. ತಂಬಿಗೆ ಒಂದೇ ಸಾಕು.