ಹುಳ ಹಿಡಿಯದ ಅಣಬೆ

ತಂಗಿಗೆ ಅಕ್ಕನ ಆಶೀರ್ವಾದ.

ಕಳೆದ ಭಾನುವಾರ ಮಗ, ಸೊಸೆ, ಮೊಮ್ಮಗಳು ಕಾಡಿನ ದಾರಿಯಲ್ಲೆಲ್ಲ ಅಲೆದು ಒಂದು ಬುಟ್ಟಿ ಅಣಬೆ ತಂದರು. ನಿನಗೆ ಗೊತ್ತಲ್ಲ, ನಾನು ಒಂದೊಂದನ್ನೂ ತಿರುಗಿಸಿ ನೋಡಿ ಹೂಂ ಅನ್ನುವವರೆಗೆ ನಮ್ಮ ಮನೆಯಲ್ಲಿ ಅಣಬೆ ಒಲೆಗೆ ಹೋಗುವುದಿಲ್ಲ.

"ಅಜ್ಜಿ, ಬೇಗ ಹೂಂ ಅನ್ನು, ಹೊಟ್ಟೆ ತಾಳ ಹಾಕ್ತಿದೆ" ಎಂದಳು ಮೊಮ್ಮಗಳು.

ಕೊಡೆಯ ಅಡಿ ಬಿಳಿಯೋ ನಸುಗೆಂಪೋ ನನಗೆ ಕಾಣಲೇ ಇಲ್ಲ. ಎಲ್ಲದಕ್ಕೂ ಹುಳ ಹಿಡಿದಿದೆ ಎಂದು ಗದರಿ ಬುಟ್ಟಿಯನ್ನೇ ಹಿತ್ತಲಿಗೆ ಸುರಿದೆ.

ಇನ್ನು ಮಾಡುವಂಥದ್ದೇನೂ ಇಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿಬಿಟ್ಟಿದ್ದಾರೆ. ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಇವರೇ ಫೋನ್ ನೋಡಿಕೊಂಡು ಆರಿಸಿ ತಿನ್ನುತ್ತಾರೆ, ಬೇಡವೆಂದರೆ ಕೇಳುವವರಲ್ಲ. ಬರುವ ಭಾನುವಾರಕ್ಕೆ ಮಗ ನೆಂಟರನ್ನೂ ಊಟಕ್ಕೆ ಕರೆದಿದ್ದಾನೆ. "ಅಮ್ಮ ನೋಡಿದ ಮೇಲೆ ಇನ್ನೇನು ಭಯ?" ಅನ್ನುತ್ತಾನೆ.

ಅಣಬೆಯ ಗುರುತನ್ನು ನಮ್ಮಮ್ಮ ಹೇಳಿಕೊಟ್ಟದ್ದು ನಮ್ಮಿಬ್ಬರಿಗೇ. ಶನಿವಾರವೇ ಬಾ. ಬುಟ್ಟಿಯ ಮುಂದೆ ಎಂದಿನಂತೆ ನಾನೇ ಕೂರುತ್ತೇನೆ, ನೀನು ಪಕ್ಕದಲ್ಲಿರು. ವಿಷದ್ದು ನನ್ನ ಕೈಗೆ ಬಂದರೆ ಕೆಮ್ಮು. ಜೋರಾಗಿ ಕೆಮ್ಮು, ಸಂಕೋಚಪಡಬೇಡ. ನನಗೀಗ ಕಿವಿಯೇ ಗತಿ.

ನಿನ್ನ ಅಕ್ಕ