ತಿಮ್ಮೇಶನ ಹೆಸರಿನ ಶಾರ್ಕು

3-2-1994, ಗುರುವಾರ. ಕೆ.ಆರ್. ಪೇಟೆ
ಕರೆಂಟಿಲ್ಲ. ಕಾಲೇಜು ಲ್ಯಾಬಿನ ಕಿಟಕಿ ಪಕ್ಕ ಮತ್ತೆ ಅಳತೆ. ಕೊಚ್ಚಿಯ ಹಡಗಿನವರು ಆಳ ಸಮುದ್ರದಿಂದ ಹಿಡಿದು ಕೊಟ್ಟ ಎರಡು ಶಾರ್ಕು. ದೊಡ್ಡದು ಎಲ್ಲರಿಗೂ ಗೊತ್ತಿರುವ ಜಾತಿ. ಚಿಕ್ಕದು ನನ್ನದು... ಹೊಸ ಜಾತಿ. ಬೆನ್ನ ಮೇಲೆ ಎರಡಕ್ಕೂ ಎರಡೆರಡು ಮುಳ್ಳು. ಆದರೆ ದೊಡ್ಡದರ ಚರ್ಮ ಎಲೆ ಹಾಸಿದ ಹಾಗೆ, ಚಿಕ್ಕದರದ್ದು ಮುಳ್ಳುಮುಳ್ಳು. ರೆಕ್ಕೆಯ ಮೂಲೆಯೂ ಮೊಂಡು. ಇಷ್ಟು ಹೇಳಲು ಆರು ವರ್ಷ ಬೇಕಾಯಿತು.

ಜರ್ನಲ್‌ನಿಂದ ನನ್ನ ಲೇಖನದ ಪ್ರೂಫ್ ಬಂದಿದೆ, ತಿದ್ದಿ ಸಹಿ ಹಾಕಿದರೆ ಅಚ್ಚಾಗುತ್ತದೆ. ಜಾತಿಗೆ ನನ್ನ ತಮ್ಮ ತಿಮ್ಮೇಶನ ಹೆಸರು. ಹೇಮಾವತಿ ಹೊಳೆಯಲ್ಲಿ ಕೊಚ್ಚಿಹೋಗಿ ಒಂಬತ್ತು ವರ್ಷ, ಹೆಣವೂ ಸಿಗಲಿಲ್ಲ. ಅವ್ವ ಸಂತೆಬಾಚಹಳ್ಳಿ ತುಂಬ ಡಂಗುರ ಹೊಡೆದಿದ್ದಾಳೆ— ‘ನನ್ ಮಗನ ಹೆಸ್ರು ಸಮುದ್ರದಲ್ಲಿ ಉಳೀತದಂತೆ.’

4-2-94
ಶಾರ್ಕು ಕೆಡದಿರಲು ಹಾಕಿದ ಫಾರ್ಮಾಲಿನ್ ಬದಲಾಯಿಸುವಾಗ ಅಟೆಂಡರ್ ನಂಜಪ್ಪ ದೊಡ್ಡದನ್ನು ಕೈತಪ್ಪಿ ಬೀಳಿಸಿದ. ಹೊಟ್ಟೆ ಬಿರಿಯಿತು. ಬೈಯಲು ಬಾಯಿ ತೆರೆದೆ. ಅದರ ಹೊಟ್ಟೆಯೊಳಗೆ ಮರಿ. ಒಂದೇ ಒಂದು, ಪೂರ್ತಿ ಬೆಳೆದದ್ದು.

‘ಸಾ, ನಿಮ್ ಚಿಕ್ಕದ್ರಂಗೇ ಅದೆ ಕಣ್ ಸಾ!’

ಅದೇ ಮುಳ್ಳುಮುಳ್ಳು ಚರ್ಮ. ಅದೇ ಮೊಂಡು ರೆಕ್ಕೆ. ಲೆನ್ಸ್ ಬೇಕಾಗಲಿಲ್ಲ. ನನ್ನ ಹೊಸ ಜಾತಿ ಹಳೇ ಜಾತಿಯ ಮರಿ, ಅಷ್ಟೇ. ಬೆಳೆದರೆ ಚರ್ಮ ಬದಲಾಗುತ್ತದೆ. ಆರು ವರ್ಷ ಇದು ಹೊಳೆಯಲಿಲ್ಲ, ದಡ್ಡ.

‘ಯಾರ್ಗೂ ಯೋಳಲ್ಲ ಬುಡಿ ಸಾ’ ಅಂದ ನಂಜಪ್ಪ.

11-2-94
ಪ್ರೂಫ್ ಮೇಜಿನ ಮೇಲೇ ಇದೆ. ಸಹಿ ಹಾಕಿ ಕಳಿಸಿದರೆ ಯಾರು ಕೇಳುತ್ತಾರೆ? ಅವ್ವನಾದರೂ ನೆಮ್ಮದಿಯಾಗಿರುತ್ತಾಳೆ. ಅನ್ನ ಸೇರುತ್ತಿಲ್ಲ. ನಾಚಿಕೆ, ಅದಕ್ಕಿಂತ ಹೆಚ್ಚಾಗಿ ಅವ್ವನಿಗೆ ಹೇಳುವ ಭಯ.

20-2-94, ಭಾನುವಾರ. ಊರಲ್ಲಿ
ಹೇಳಿಬಿಟ್ಟೆ. ಹೊಟ್ಟೆ ಬಿರಿದದ್ದು, ಮರಿ, ಎಲ್ಲ.

‘ತಿಮ್ಮೇಶನ ಹೆಸ್ರು ಇಡಕ್ಕಾಗಲ್ಲ ಕಣವ್ವ.’

ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. ಅಳುತ್ತಾಳೆ ಅಂದುಕೊಂಡೆ.

‘ಆ ಮರಿ ಈಗ ಎಲ್ಲದ್ಲಾ?’

‘ಬಾಟ್ಲೀಲಿ.’

‘ಬಾಟ್ಲೀಲಿ ಯಾಕ್ಲಾ ಮಡಗಿದ್ದೀಯ? ತಿಮ್ಮೇಶನ್ಗಂತೂ ಮಣ್ಣು ಕೊಡಕ್ಕಾಗ್ನಿಲ್ಲ. ಅದ್ಕಾದ್ರೂ ಕೊಡು ಮಗ.’

ಅವ್ವ ಮತ್ತೆ ಮೊರ ಎತ್ತಿಕೊಂಡಳು. ಕೊನೇ ಬಸ್ಸಿಗೆ ಬಂದೆ.

21-2-94, ಸಂಜೆ
‘ಅಚ್ಚು ಮಾಡಬೇಡಿ’ ಅಂತ ಬರೆದು ಪ್ರೂಫ್ ವಾಪಸ್ ಕಳಿಸಿದೆ. ಎರಡೂ ಒಂದೇ ಜಾತಿ ಅನ್ನಲು ಇರುವ ಪುರಾವೆ ಈ ಮರಿ ಮಾತ್ರ. ಹೂಳಬಾರದು, ಗೊತ್ತು. ಕಾಲೇಜಿನ ಹಿಂದೆ ನಂಜಪ್ಪ ಗುಂಡಿ ತೆಗೆದ.

‘ಸ್ಟಾಕ್ ಬುಕ್ಕಿಗೆ ಏನಂತ ಬರ್ಕಳನ ಸಾ?’

‘ಮರಿ, ಒಂದು’ ಅಂದೆ.

ಮೊದಲ ಹಿಡಿ ಮಣ್ಣು ನಾನೇ ಹಾಕಿದೆ. ಎರಡನೇದು ಅವ್ವನ ಪರವಾಗಿ.