ಬಣ್ಣ ಹಚ್ಚದ ಜಾಗ

ಅಪ್ಪಾ,

ಬಂಗಲೆಯ ಹೂದೋಟವನ್ನು ನೋಡಿ ನೀವು ಬರೆದ ಜಲವರ್ಣ ಚಿತ್ರಗಳನ್ನು ಇಂದು ಬೆಳಿಗ್ಗೆ ಫ್ರೇಮ್ ಅಂಗಡಿಗೆ ಒಯ್ದೆವು. ನೀವಿದ್ದಾಗ ಆಗದ ಕೆಲಸ. ಅಮ್ಮನೂ ತನ್ನ ಹಳೆಯ ಬಿಳಿ ಕೊಡೆ ಹಿಡಿದು ಬಂದಿದ್ದಳು. ದಾರಿಯುದ್ದಕ್ಕೂ ಅದೇ ಹಳೇ ರಾಗ: "ಪ್ರತಿ ಭಾನುವಾರ ಜೊತೆಗೆ ಹೋಗಿ ಬಿಸಿಲಲ್ಲಿ ಕೂತೆ. ದಾರ ಹಿಡಿದು ನೇರಕ್ಕೆ ಕತ್ತರಿಸಿದ ಗಿಡದ ಬೇಲಿ ಬರೆದ್ರು, ಕಾರಂಜಿ ಬರೆದ್ರು. ನನ್ನನ್ನ ಮಾತ್ರ ಒಂದಿನಾನೂ ಬರೀಲಿಲ್ಲ."

ಅಂಗಡಿಯವರು ಚಿತ್ರಗಳನ್ನು ಮೇಜಿನ ಮೇಲೆ ಹರಡಿ, ಕಾರಂಜಿಯ ಪಕ್ಕ ಬೆರಳಿಟ್ಟರು. "ಇಲ್ಲಿ ಬಣ್ಣ ಹಚ್ಚೋದು ಮರೆತಿದ್ದಾರೆ, ಬರೀ ಕಾಗದ ಕಾಣ್ತಿದೆ. ಸ್ವಲ್ಪ ಹಸಿರು ಮುಟ್ಟಿಸಿಬಿಡ್ಲಾ?"

ನೋಡಿದರೆ ಎಲ್ಲ ಚಿತ್ರಗಳಲ್ಲೂ ಅಂಥದ್ದೊಂದು ಬಿಳಿ ಜಾಗ. ಒಂದರಲ್ಲಿ ಕಲ್ಲುಬೆಂಚಿನ ಮೇಲೆ, ಇನ್ನೊಂದರಲ್ಲಿ ಬಳ್ಳಿಯ ಕಮಾನಿನ ಕೆಳಗೆ. ನಾನು ಹೂಂ ಎನ್ನುವುದರಲ್ಲಿದ್ದೆ.

ಅಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿದಳು. "ಮುಟ್ಬೇಡಿ! ಅದು ನನ್ನ ಕೊಡೆ."

ಜಲವರ್ಣದಲ್ಲಿ ಬಿಳಿ ಬೇಕಾದ ಕಡೆ ಕಾಗದವನ್ನು ಹಾಗೇ ಬಿಡಬೇಕು ಎಂದು ನೀವು ನನಗೆ ಹೇಳಿಕೊಟ್ಟಿದ್ದಿರಿ. ಅಮ್ಮನಿಗೆ ಹೇಳಿರಲಿಲ್ಲ.

"ಒಂದು ಮಾತು ಹೇಳಿದ್ರೆ ನಿಮ್ಮಪ್ಪನ ಗಂಟೇನು ಹೋಗ್ತಿತ್ತು?" ಎಂದು ನನ್ನನ್ನೇ ಗದರಿ, ಅವಳು ಅಂಗಡಿಯವರತ್ತ ತಿರುಗಿದಳು. "ಗಾಜು ಒಳ್ಳೇದು ಹಾಕಿ. ನನ್ನ ಮೇಲೆ ಬೆಳಕು ಹೊಡೀಬಾರದು ನೋಡಿ."

ಹಿಂತಿರುಗುವಾಗ ಮೋಡ ಕವಿದಿತ್ತು, ಬಿಸಿಲಿನ ಸುಳಿವೇ ಇರಲಿಲ್ಲ. ಆದರೂ ಅಮ್ಮ ಮನೆ ತಲುಪುವವರೆಗೂ ಕೊಡೆ ಬಿಚ್ಚಿಕೊಂಡೇ ನಡೆದಳು.